ತಿಂದರೂ ಮೈ ಹತ್ತದ ಆಡು



ಆಡು ಸೊಪ್ಪು ತಿನ್ನುತ್ತದೆ, ಆದರೂ ದಿನೇ ದಿನೇ ಬಡಕಲಾಗುತ್ತದೆ. ಹುಳದ ಮದ್ದು ಕೊಟ್ಟದ್ದೂ ಆಯ್ತು, ಗುಣವಿಲ್ಲ. ಆಗ ಜೋನ್ಸ್ ರೋಗವೋ ಎಂದು ಸಂಶಯಪಡಬೇಕು.

ಇದು ಕ್ಷಯದ ರೋಗಾಣುವಿನ ಕುಲಕ್ಕೆ ಸೇರಿದ ರೋಗಾಣುವಿನಿಂದ ಬರುವ ಕರುಳಿನ ಕಾಯಿಲೆ. ಕರುಳಿನ ಒಳಪದರ ಹಾಳಾಗಿ, ತಿಂದದ್ದು ಮೈಗೆ ಹತ್ತುವುದಿಲ್ಲ. ದನಗಳಿಗೆ ಬಂದರೆ ಭೇದಿ ಜೋರು. ಆಡುಗಳಲ್ಲಿ ಅನೇಕ ಸಲ ಭೇದಿಯೇ ಇರುವುದಿಲ್ಲ. ಹಿಕ್ಕೆ ಮೆತ್ತಿದ ಕೆಚ್ಚಲನ್ನು ಚೀಪಿದ ಮರಿಗೆ ರೋಗ ತಗಲುತ್ತದೆ. ಆದರೆ ಅದು ಹೊರಗೆ ಕಾಣುವುದು ಒಂದೆರಡು ವರ್ಷ ಕಳೆದ ಮೇಲೆ.

ಕಣ್ಣಳತೆಯಲ್ಲಿ ತೀರ್ಮಾನ ಬೇಡ. ಪಶುವೈದ್ಯರ ಮೂಲಕ ಹಿಕ್ಕೆ, ರಕ್ತ ಪರೀಕ್ಷೆ ಮಾಡಿಸಿ. ರೋಗಾಣು ದಿನವೂ ಹಿಕ್ಕೆಯಲ್ಲಿ ಬೀಳುವುದಿಲ್ಲ. ಒಮ್ಮೆ ಸಿಗದಿದ್ದರೆ ಮತ್ತೊಮ್ಮೆ ನೋಡಿಸಬೇಕು.

ಬಂದ ರೋಗಕ್ಕೆ ಗುಣಪಡಿಸುವ ಮದ್ದಿಲ್ಲ. ಬಾರದಂತೆ ತಡೆಯಲು ಲಸಿಕೆ ಉಂಟು. ಮಥುರಾ ಬಳಿ ಮಖ್ದೂಮಿನಲ್ಲಿರುವ ಕೇಂದ್ರೀಯ ಆಡು ಸಂಶೋಧನಾ ಸಂಸ್ಥೆಯವರು ನಮ್ಮ ದೇಶದ ರೋಗಾಣುವಿನಿಂದಲೇ ಅದನ್ನು ತಯಾರಿಸಿದ್ದಾರೆ. ಮರಿಗಳಿಗೆ ಸುಮಾರು ಮೂರು ತಿಂಗಳಾದಾಗ ಹಾಕಿಸುವುದು ಒಳ್ಳೆಯದು. ಲಸಿಕೆ ತೋಟದ ಬೇಲಿಯಂತೆ: ರೋಗವನ್ನೂ ಹಿಕ್ಕೆಯಲ್ಲಿ ಬೀಳುವ ರೋಗಾಣುವನ್ನೂ ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಲಸಿಕೆಯ ನಂತರ ರಕ್ತಪರೀಕ್ಷೆ ದಾರಿ ತಪ್ಪಿಸಬಹುದು. ಆದ್ದರಿಂದ ಪರೀಕ್ಷೆ ಮೊದಲು, ಲಸಿಕೆ ಆಮೇಲೆ.

ನಮ್ಮ ಮಂಗಳೂರು ಕಡೆಯ ಮಳೆಗೆ ಅಟ್ಟದ ಹಟ್ಟಿಯೇ ಲೇಸು; ಹಿಕ್ಕೆ ಕೆಳಗೆ ಬೀಳುತ್ತದೆ, ಮರಿಗೆ ತಾಗುವುದಿಲ್ಲ. ಆ ಗೊಬ್ಬರ ಅಡಿಕೆ ಬುಡಕ್ಕಿರಲಿ, ಮೇವಿನ ಹುಲ್ಲಿಗೆ ಬೇಡ. ರೋಗಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ.

ರೋಗದ ಆಡನ್ನು ಬೇರೆ ಕಟ್ಟಿ, ವೈದ್ಯರು ಹೇಳಿದಂತೆ ನಡೆಯಿರಿ. ಸಂತೆಗೆ ಮಾತ್ರ ಹೊಡೆಯಬೇಡಿ. ಇಂದು ಸಿಕ್ಕ ನಾಲ್ಕು ಕಾಸಿಗೆ ನಾಳೆ ನೆರೆಯವರ ಹಟ್ಟಿಯೇ ಬರಿದಾದೀತು.