ಆಸ್ಪತ್ರೆಗಲ್ಲದೆ ಘಟ್ಟ ಹತ್ತಿದೆವು!

ನಮ್ಮ ಕಾರವಾರ, ಅಂಕೋಲೆ ಕಡೆಯ ಹೆಂಗಸರನ್ನು ಕೇಳಿ ನೋಡಿ. "ಹುಬ್ಬಳ್ಳಿಗೆ ಹೋಗಿದ್ದೀರಾ?" ಅಂದರೆ "ಓ, ಹೋಗಿದ್ದೇವೆ" ಅನ್ನುತ್ತಾರೆ. "ಯಾತಕ್ಕೆ?" ಅಂದರೆ ಹೆಚ್ಚಿನವರ ಉತ್ತರ ಒಂದೇ: ಆಸ್ಪತ್ರೆಗೆ. ದೊಡ್ಡ ಕಾಯಿಲೆ ಬಂದರೆ ನಮಗೆ ಒಂದೋ ಗೋವಾ, ಒಂದೋ ಮಣಿಪಾಲ, ಇಲ್ಲವೇ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ. 2022ರಲ್ಲಿ ನನ್ನ ಆಯಿಯನ್ನು ನಡುರಾತ್ರಿ ಅಂಬ್ಯುಲೆನ್ಸಿನಲ್ಲಿ ಮಲಗಿಸಿಕೊಂಡು ಆ ಘಟ್ಟ ಹತ್ತಿದ್ದೆ. ಒಂದೊಂದು ತಿರುವಿಗೂ ಆಯಿ ನನ್ನ ಕೈ ಹಿಚುಕುತ್ತಿದ್ದಳು. ನಾಲ್ಕನೆಯ ದಿನ ಅದೇ ದಾರಿಯಲ್ಲಿ ನಾವು ಇಳಿದು ಬಂದೆವು. ಆಯಿ ಮಾತ್ರ ಜೀವಂತ ಬರಲಿಲ್ಲ. ಅಂದಿನಿಂದ ಘಟ್ಟದ ಹೆಸರು ಹೇಳಿದರೆ ನನಗೆ ಹೊಟ್ಟೆಯಲ್ಲಿ ಏನೋ ಕಲಸಿದಂತೆ ಆಗುತ್ತಿತ್ತು.

ಅಂಥ ನಾನು 2024ರ ಡಿಸೆಂಬರಿನಲ್ಲಿ ಇಪ್ಪತ್ತಾರು ಹೆಂಗಸರ ಜೊತೆ ಬಸ್ಸಿನಲ್ಲಿ ಅದೇ ಘಟ್ಟ ಹತ್ತಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ವಿಜಯಪುರ ನೋಡಿಕೊಂಡು ಬಂದೆ ಎಂದರೆ ನೀವು ನಂಬಬೇಕು!

ಇಟಲಿಯಿಂದ ಬಂದ ಆಸೆ

ಈ ಆಸೆಯ ಬೀಜ ಬಿತ್ತಿದವಳು ನನ್ನ ಚಿಕ್ಕಮ್ಮನ ಮಗಳು. ಬೆಂಗಳೂರಿನಲ್ಲಿರುವ ಅವಳು ಅದಕ್ಕೆ ಹಿಂದಿನ ವರ್ಷ ಚಳಿಗಾಲದಲ್ಲಿ ಗುಂಪಿನ ಜೊತೆ ಇಟಲಿ, ಫ್ರಾನ್ಸ್ ನೋಡಿ ಬಂದಿದ್ದಳು. ರೋಮ್, ಫ್ಲಾರೆನ್ಸ್, ವೆನಿಸ್, ಪ್ಯಾರಿಸ್ ಎಲ್ಲ ಬಸ್ಸಿನಲ್ಲೇ. ಫೋಟೋ ತೋರಿಸುತ್ತಾ, "ಅಕ್ಕಾ, ಚೆಂದ ಇತ್ತು ನಿಜ. ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಯಾವುದು ಗೊತ್ತುಂಟಾ? ಹತ್ತು ದಿನ 'ನಾಳೆ ತಿಂಡಿಗೆ ಏನು?' ಅಂತ ಯಾರೂ ನನ್ನ ಕೇಳಲಿಲ್ಲ!" ಅಂದಳು.

ನಾನು ನಕ್ಕೆ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಇಟಲಿಗೆ ಹೋಗುವ ಶಕ್ತಿ ನಮಗೆಲ್ಲಿ? ಆದರೆ ತಿಂಡಿಯ ಚಿಂತೆ ಬಿಡುವುದಕ್ಕೆ ಇಟಲಿಯೇ ಆಗಬೇಕೇ? ನಮ್ಮ ಓಣಿಯ ನಿವೃತ್ತ ಅಕ್ಕೋರ ಹತ್ತಿರ ಹೇಳಿದೆ. ಅವರು ಶಾಲೆಯ ಮಕ್ಕಳನ್ನು ಎಷ್ಟೋ ಸಲ ಬಾದಾಮಿಗೆ ಕರೆದುಕೊಂಡು ಹೋದವರು. "ಮಕ್ಕಳನ್ನು ಕರಕೊಂಡು ಹೋದದ್ದಾಯಿತು, ಈ ಸಲ ಅವರ ಅಮ್ಮಂದಿರನ್ನು ಕರಕೊಂಡು ಹೋಗುವಾ" ಎಂದುಬಿಟ್ಟರು. ಕಾರವಾರದವರು ಹನ್ನೊಂದು, ಅಂಕೋಲೆಯವರು ಹದಿನೈದು. ನಮ್ಮ ಉಳಿತಾಯ ಗುಂಪಿನಲ್ಲಿ ತಿಂಗಳಿಗೆ ಐನೂರರಂತೆ ಒಂಬತ್ತು ತಿಂಗಳು ಕೂಡಿಹಾಕಿದೆವು. ನಾಲ್ಕು ದಿನಕ್ಕೆ ತಲೆಗೆ ನಾಲ್ಕೂವರೆ ಸಾವಿರ.

"ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ ಅಲ್ಲವೇ, ಮತ್ತೆ ದುಡ್ಡು ಯಾಕೆ?" ಎಂದು ಕೇಳಿದವರೂ ಉಂಟು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಮಾತು ಅದು. ನಿಜ, ಕೈಕಾಲು ಗಟ್ಟಿಯಿದ್ದವರು ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಹಾಗೆಯೂ ಹೋಗಬಹುದು. ಆದರೆ ನಮ್ಮಲ್ಲಿ ಎಪ್ಪತ್ತು ದಾಟಿದವರು ಮೂವರಿದ್ದರು, ಮೊಣಕಾಲು ನೋವಿನವರು ಲೆಕ್ಕಕ್ಕೇ ಇಲ್ಲ. ಹಾಗಾಗಿ ಬಾಡಿಗೆ ಬಸ್ಸೇ ಸರಿ ಎಂದಾಯಿತು.

ಮನೆಯ ಬಾಗಿಲು ದಾಟುವುದೇ ದೊಡ್ಡ ಘಟ್ಟ

ಸೋದರಿಯರೇ, ಅರಬೈಲ್ ಘಟ್ಟಕ್ಕಿಂತ ದೊಡ್ಡ ಘಟ್ಟ ನಮ್ಮ ಮನೆಯ ಹೊಸ್ತಿಲು! ಅತ್ತೆ ಒಪ್ಪಲೇ ಇಲ್ಲ. ಆ ವರ್ಷ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದದ್ದನ್ನು ನಾವು ಯಾರೂ ಮರೆತಿರಲಿಲ್ಲ. "ರಸ್ತೆ ಬದಿ ಗುಡ್ಡ ಕಂಡರೇ ಎದೆ ಹಾರ್ತದೆ, ನೀ ಘಟ್ಟ ಹತ್ತೂದಾ?" ಎಂದರು. "ಅತ್ತೆ, ಅದು ಮಳೆಗಾಲ. ಈಗ ಮಣ್ಣು ಒಣಗಿದೆ, ಬಸ್ಸೂ ಹಗಲಲ್ಲೇ ಹೋಗ್ತದೆ" ಎಂದೆ. ಘಟ್ಟದ ಆಚೆಯ ಪ್ರವಾಸಕ್ಕೆ ಚಳಿಗಾಲವೇ ಯಾಕೆ ಎನ್ನುವುದಕ್ಕೆ ಇದೊಂದು ಕಾರಣ. ಇನ್ನೊಂದು, ಬೇಸಗೆಯಲ್ಲಿ ಬಾದಾಮಿ, ವಿಜಯಪುರದ ಬಿಸಿಲಿಗೆ ಕಲ್ಲಿನ ಮೇಲೆ ಕಾಲಿಡುವ ಹಾಗೂ ಇಲ್ಲ.

ನಮ್ಮನೆಯವರು ಮಾತ್ರ ಒಂದೇ ಮಾತು ಹೇಳಿದರು: "ಹೋಗಿ ಬಾ. ಆ ದಾರಿಯನ್ನು ಒಮ್ಮೆ ಬೆಳಕಿನಲ್ಲಿ ನೋಡು." ಮಗಳಿಗೆ ಗಂಜಿ, ತಂಬುಳಿ ಹೇಳಿಕೊಟ್ಟು, ಹುಳಿಪುಡಿ ಡಬ್ಬಿ ತುಂಬಿಸಿಟ್ಟು ಹೊರಟೆ.

ಬೆಳಕಿನಲ್ಲಿ ಕಂಡ ದಾರಿ

ಬೆಳಿಗ್ಗೆ ಐದಕ್ಕೆ ಕಾರವಾರ ಬಿಟ್ಟ ಬಸ್ಸು ಆರಕ್ಕೆ ಅಂಕೋಲೆಗೆ ಬಂತು. ಗಣಪತಿಗೆ ಕಾಯಿ ಒಡೆದು ಹೊರಟೆವು. ಸುಂಕಸಾಳ, ರಾಮನಗುಳಿ ದಾಟಿತು. ಘಟ್ಟ ಶುರುವಾದಾಗ ನಾನು ಕಣ್ಣು ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ದೊಡ್ಡಮ್ಮ ಎಪ್ಪತ್ತೆರಡು ವರ್ಷದವರು. ನನ್ನ ಕೈಯಲ್ಲಿ ನಿಂಬೆಹಣ್ಣಿನ ಸಿಪ್ಪೆ ಇಟ್ಟು, "ವಾಂತಿ ಬರ್ತದಾ ಮಗಾ?" ಎಂದರು. "ಇಲ್ಲ ದೊಡ್ಡಮ್ಮ, ಆಯಿ ನೆನಪಾದಳು" ಎಂದೆ. ಅವರೇನೂ ಸಮಾಧಾನ ಹೇಳಲಿಲ್ಲ. "ನಾನೂ ಇವರನ್ನು ಹೀಗೇ ಮಲಗಿಸಿಕೊಂಡು ಹೋದವಳು. ಕಿಟಕಿಯಿಂದ ಹೊರಗೆ ನೋಡ್ಲೇ ಇಲ್ಲ. ಈಗ ಇಬ್ಬರೂ ನೋಡುವಾ" ಎಂದರು.

ನೋಡಿದೆವು. ಎಷ್ಟು ಹಸಿರು, ಎಷ್ಟು ಆಳದ ಕಣಿವೆ! ಮಂಜಿನ ನಡುವೆ ಬಿಸಿಲಿನ ಕೋಲು ಇಳಿಯುತ್ತಿತ್ತು. ಇಂಥ ಚೆಂದದ ದಾರಿಯಲ್ಲಿ ನಾನು ಆಯಿಯನ್ನು ಕರೆದೊಯ್ದಿದ್ದೆ, ನನಗೇ ಗೊತ್ತಿರಲಿಲ್ಲ.

ಯಲ್ಲಾಪುರದಲ್ಲಿ ತಿಂಡಿ. ಹುಬ್ಬಳ್ಳಿ ಬಂದಾಗ ಬಸ್ಸಿನಲ್ಲಿ ಮಾತು ನಿಂತಿತು. ಊರು ದಾಟಿದೊಡನೆ ದೊಡ್ಡಮ್ಮ, "ಅಬ್ಬಾ! ಹುಬ್ಬಳ್ಳಿಯಿಂದ ಮುಂದೆಯೂ ರಸ್ತೆ ಉಂಟು ಮಾರಾಯ್ತಿ!" ಎಂದರು. ಎಲ್ಲರೂ ನಕ್ಕು ನಕ್ಕು ಸುಸ್ತಾದೆವು. ಆಮೇಲೆ ನವಲಗುಂದದ ಕರಿಮಣ್ಣಿನ ಬಯಲು. ಜೋಳ, ಕಡಲೆ, ಕುಸುಬೆ ಕಣ್ಣು ಹಾಯುವಷ್ಟು ದೂರ. ಗುಡ್ಡವಿಲ್ಲ, ತೆಂಗಿಲ್ಲ. ನಮ್ಮ ಸಮುದ್ರವನ್ನೇ ಒಣಗಿಸಿ ಬಿತ್ತಿದ ಹಾಗೆ ಕಾಣುತ್ತಿತ್ತು.

ಅಕ್ಕ ಕಟ್ಟಿಸಿದ್ದು, ತಂಗಿ ಕಟ್ಟಿಸಿದ್ದು

ಬಾದಾಮಿಯ ಕೆಂಪು ಬಂಡೆಯಲ್ಲಿ ಕೊರೆದ ನಾಲ್ಕು ಗುಹೆಗಳಿವೆ. ಮೊದಲನೆಯದರಲ್ಲಿ ಹದಿನೆಂಟು ಕೈಗಳ ನಟರಾಜ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, 578ರ ಶಾಸನ ಅಲ್ಲಿದೆ. ಕೆಳಗೆ ಅಗಸ್ತ್ಯ ತೀರ್ಥ. ಮಂಗಗಳ ಬಗ್ಗೆ ಎಚ್ಚರ! ನಮ್ಮಲ್ಲೊಬ್ಬರ ಅವಲಕ್ಕಿ ಚೀಲ ಕ್ಷಣದಲ್ಲಿ ಮಾಯವಾಯಿತು.

ಮರುದಿನ ಬನಶಂಕರಿಗೆ ಹೋದೆವು. ಗುಡಿಯ ಹತ್ತಿರ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಕೆಂಪು ಖಾರ, ಗಟ್ಟಿ ಮೊಸರು ಇಟ್ಟುಕೊಂಡು ಹೆಂಗಸರು ಬಡಿಸುತ್ತಾರೆ. ನೆಲದ ಮೇಲೆ ಕೂತು ಉಂಡೆವು. ಅನ್ನ, ಮೀನಿನ ಬಾಯಿ ನಮ್ಮದು. ಆದರೂ ಒಬ್ಬೊಬ್ಬರು ಎರಡೆರಡು ರೊಟ್ಟಿ ಮುಗಿಸಿದೆವು. ಬಡಿಸುತ್ತಿದ್ದ ಅಕ್ಕ, "ನಿಮ್ಮೂರಾಗ ಸಮುದ್ರ ಐತೇನ್ರಿ? ನಾ ಒಮ್ಮೆನೂ ನೋಡಿಲ್ರಿ" ಎಂದಳು. "ನಮ್ಮ ಹಾಗೇ ಗುಂಪು ಕಟ್ಟಿಕೊಂಡು ಬನ್ನಿ" ಎಂದು ಅಕ್ಕೋರು ಫೋನ್ ನಂಬರ್ ಬರೆದುಕೊಟ್ಟರು.

ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ. ಅಲ್ಲಿಯ ವಿರೂಪಾಕ್ಷ ಗುಡಿ ಕಟ್ಟಿಸಿದ್ದು ಒಬ್ಬ ಹೆಂಗಸು ಎಂದು ನಿಮಗೆ ಗೊತ್ತೇ? ಚಾಲುಕ್ಯ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ್ದು. ಅವಳ ತಂಗಿ ತ್ರೈಲೋಕ್ಯಮಹಾದೇವಿಯೂ ಅದೇ ರಾಜನ ರಾಣಿ. ಅವಳು ಪಕ್ಕದಲ್ಲೇ ಮಲ್ಲಿಕಾರ್ಜುನ ಗುಡಿ ಕಟ್ಟಿಸಿದಳು. ಅದು ಸ್ವಲ್ಪ ಚಿಕ್ಕದು. "ತಂಗಿಗೆ ಯಾವತ್ತೂ ಸ್ವಲ್ಪ ಕಡಿಮೆಯೇ ಬಿಡಿ" ಎಂದು ನಮ್ಮಲ್ಲಿಯ ತಂಗಿಯರೆಲ್ಲ ಗಲಾಟೆ ಮಾಡಿದರು!

ಐಹೊಳೆಯ ಮೇಗುತಿ ಗುಡಿಯಲ್ಲಿ ಕವಿ ರವಿಕೀರ್ತಿಯ 634ರ ಶಾಸನವಿದೆ. ಇಮ್ಮಡಿ ಪುಲಿಕೇಶಿಯ ಗೆಲುವುಗಳ ಕಥೆ ಅದು. ಅದರಲ್ಲಿ ನಮ್ಮ ಜಿಲ್ಲೆಯ ಬನವಾಸಿಯ ಹೆಸರೂ ಇದೆ ಎಂದು ಅಕ್ಕೋರು ಹೇಳಿದಾಗ, ಪರವೂರಿನಲ್ಲಿ ತವರಿನವರು ಸಿಕ್ಕಷ್ಟು ಖುಷಿಯಾಯಿತು.

ಗುಮ್ಮಟದಲ್ಲಿ ಕೂಗಿದ ಹೆಸರು

ರಾತ್ರಿ ವಿಜಯಪುರ ತಲುಪಿದೆವು. ಚಳಿ ಅಂದರೆ ಏನೆಂದು ಅಲ್ಲಿ ಗೊತ್ತಾಯಿತು. ಇಳಿದುಕೊಂಡ ಜಾಗದಲ್ಲಿ ಬಿಸಿನೀರು ಕೈಕೊಟ್ಟಿತು. ಅಡುಗೆಮನೆಯಿಂದ ಒಂದು ಹಂಡೆ ಕೇಳಿ ಪಡೆದು, ನಾವೇ ಕಾಸಿ ಹಂಚಿಕೊಂಡೆವು.

ಗೋಳಗುಮ್ಮಟ 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಗೋರಿ. ಒಳಗಿನಿಂದ ಸುಮಾರು 38 ಮೀಟರ್ ಅಗಲದ ಗುಮ್ಮಟ, ನಡುವೆ ಒಂದು ಕಂಬವೂ ಇಲ್ಲ. ಚಿಕ್ಕಮ್ಮನ ಮಗಳು ಹೊಗಳಿದ್ದ ರೋಮಿನ ಪ್ಯಾಂಥಿಯನ್ ಗುಮ್ಮಟ ಸುಮಾರು 43 ಮೀಟರ್. ನಮ್ಮದೇನು ಕಡಿಮೆಯೇ? ಮೆಟ್ಟಿಲು ಇಕ್ಕಟ್ಟು, ಕಡಿದು. ಮೊಣಕಾಲಿನವರು ಕೆಳಗೇ ಉಳಿದರು. ದೊಡ್ಡಮ್ಮ ಮಾತ್ರ ಕೂತು ಎದ್ದು ಮೇಲೆ ಬಂದೇ ಬಂದರು.

ಅಲ್ಲಿ ಒಂದು ಕೂಗಿಗೆ ಗೋಡೆ ಹಲವು ಸಲ ಮಾರುತ್ತರ ಕೊಡುತ್ತದೆ. ಒಬ್ಬರು ಮಗನ ಹೆಸರು, ಇನ್ನೊಬ್ಬರು ಮೊಮ್ಮಗಳ ಹೆಸರು ಕೂಗಿದರು. ನನ್ನ ಸರದಿ ಬಂದಾಗ ಬಾಯಿಗೆ ಬಂದದ್ದು "ಆಯೀ" ಎಂದು. ಆಯಿ, ಆಯಿ, ಆಯಿ ಎಂದು ಅದು ಸುತ್ತಿ ಸುತ್ತಿ ಬಂತು. ಅತ್ತೆ ನಿಜ. ಆದರೆ ಎರಡು ವರ್ಷದಿಂದ ಎದೆಯಲ್ಲಿ ಕೂತಿದ್ದ ಕಲ್ಲು ಸ್ವಲ್ಪ ಹಗುರಾದದ್ದೂ ನಿಜ.

ಹೊರಡುವ ಮುನ್ನ ನೆನಪಿಡಿ

• ಘಟ್ಟದಲ್ಲಿ ಹೊಟ್ಟೆ ತೊಳೆಸುವವರು ಮುಂದಿನ ಸೀಟಿನಲ್ಲಿ ಕೂರಲಿ. ಹೊಟ್ಟೆ ತೀರ ಖಾಲಿಯೂ ಬೇಡ, ತುಂಬಿಯೂ ಬೇಡ. ಸೀಟನ್ನು ದಿನವೂ ಬದಲಿಸಿದರೆ ಜಗಳವಿಲ್ಲ.
• ಶೌಚಾಲಯಕ್ಕೆ ಎಲ್ಲಿ ನಿಲ್ಲಿಸಬೇಕೆಂದು ಡ್ರೈವರಿಗೆ ಮೊದಲೇ ಹೇಳಿಡಿ. ನಾಚಿಕೊಂಡು ನೀರು ಕುಡಿಯದೆ ಕೂರಬೇಡಿ. ನಮ್ಮಲ್ಲಿ ಇಬ್ಬರಿಗೆ ಅದರಿಂದಲೇ ಉರಿಮೂತ್ರವಾಯಿತು.
• ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಕೈಚೀಲದಲ್ಲೇ ಇರಲಿ, ಬಸ್ಸಿನ ಮೇಲಿನ ಪೆಟ್ಟಿಗೆಯಲ್ಲಿ ಬೇಡ.
• ಸ್ವೆಟರ್, ಕಿವಿಗೆ ಬಟ್ಟೆ, ಕಾಲುಚೀಲ ಮರೆಯಬೇಡಿ. ಚಪ್ಪಲಿ ಜಾರದಂಥದ್ದಿರಲಿ.
• ಒಗ್ಗರಣೆ ಅವಲಕ್ಕಿ, ಚಕ್ಕುಲಿ, ಅಪ್ಪೆಮಿಡಿ ಉಪ್ಪಿನಕಾಯಿ ನಾಲ್ಕು ದಿನಕ್ಕೂ ಕೆಡುವುದಿಲ್ಲ. ಒಣಮೀನು ಮನೆಯಲ್ಲೇ ಇರಲಿ!
• ಬಾದಾಮಿಯ ಹತ್ತಿರದ ಗುಳೇದಗುಡ್ಡದ ಖಣ ಹೆಸರಾದದ್ದು. ಕುಪ್ಪಸಕ್ಕೆ ಒಂದಾದರೂ ತನ್ನಿ.

ನಾಲ್ಕನೆಯ ದಿನ ಕತ್ತಲಾಗುವ ಮೊದಲೇ ಘಟ್ಟ ಇಳಿದೆವು. ಈ ಸಲ ಕಣ್ಣು ಮುಚ್ಚಲಿಲ್ಲ. ಮನೆಗೆ ಬಂದರೆ ಅತ್ತೆ ಅಂಗಳದಲ್ಲೇ ಕೂತಿದ್ದರು. ಮನೆ ಇದ್ದ ಹಾಗೇ ಇತ್ತು, ಒಂದು ಹಾಲಿನ ಪಾತ್ರೆ ಸೀದಿತ್ತು ಅಷ್ಟೆ. ಖಣ ಕೈಗೆ ಕೊಟ್ಟೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮುಂದಿನ ಸಲ ಹಂಪಿಯಾ? ನನ್ನ ಮೊಣಕಾಲು ತಡೀತದಾ ಕೇಳು ಅಕ್ಕೋರ ಹತ್ರ" ಎಂದರು.

ಈಗ ನಮ್ಮ ಗುಂಪಿನಲ್ಲಿ ತಿಂಗಳಿಗೆ ಐನೂರು ಮತ್ತೆ ಕೂಡುತ್ತಿದೆ. ನಿಮ್ಮ ಊರಿನಲ್ಲೂ ಅಂಥದ್ದೊಂದು ದಾರಿ ಇರಬಹುದು, ಕಷ್ಟಕ್ಕೆ ಮಾತ್ರ ಹೋಗಿ ಬಂದ ದಾರಿ. ಅದರಲ್ಲಿ ಒಮ್ಮೆ ಸುಖಕ್ಕೂ ಹೋಗಿ ಬನ್ನಿ. ಒಬ್ಬರೇ ಬೇಡ, ನಾಲ್ಕು ಜನ ಸೇರಿ ಹೋಗಿ.