ಸವೆದ ಬ್ರೇಕ್ ಪ್ಯಾಡನ್ನು ಓದುವ ಬಗೆ

ಕಾರಿನ ಮುಂದಿನ ಚಕ್ರದಿಂದ ಕಳಚಿದ ಎರಡು ಹಳೆಯ ಬ್ರೇಕ್ ಪ್ಯಾಡ್‌ಗಳನ್ನು ಗುಜರಿಗೆ ಹಾಕುವ ಮುನ್ನ ಅಕ್ಕಪಕ್ಕ ಇಟ್ಟು ನೋಡಿದರೆ, ಆ ಚಕ್ರದ ಬ್ರೇಕ್ ಅಷ್ಟು ದಿನ ಹೇಗೆ ದುಡಿದಿದೆ ಎಂಬುದು ತಾನಾಗಿ ತಿಳಿಯುತ್ತದೆ. ಹೊರಬದಿಯ ಪ್ಯಾಡ್‌ನಲ್ಲಿ ಇನ್ನೂ 6 ಮಿಲಿಮೀಟರ್ ಪದರ ಉಳಿದಿರುವಾಗ ಒಳಬದಿಯದು ಲೋಹದ ತಗಡಿನ ಸಮೀಪಕ್ಕೆ ಸವೆದಿದ್ದರೆ, ಅಥವಾ ಒಂದೇ ಪ್ಯಾಡ್ ಒಂದು ತುದಿಯಲ್ಲಿ ದಪ್ಪವಾಗಿಯೂ ಇನ್ನೊಂದು ತುದಿಯಲ್ಲಿ ತೆಳ್ಳಗಾಗಿಯೂ ಇದ್ದರೆ, ದೋಷವಿರುವುದು ಪ್ಯಾಡ್‌ನಲ್ಲಲ್ಲ, ಅದನ್ನು ಹಿಡಿದಿರುವ ಕ್ಯಾಲಿಪರ್‌ನಲ್ಲಿ. ಬಹುತೇಕ ಸಣ್ಣ ಕಾರುಗಳಲ್ಲಿ ಈ ಕ್ಯಾಲಿಪರ್‌ಗೆ ಒಳಬದಿಯಲ್ಲಿ ಮಾತ್ರ ಪಿಸ್ಟನ್ ಇರುತ್ತದೆ. ಅದು ಒಳಗಿನ ಪ್ಯಾಡನ್ನು ತಿರುಗುವ ಡಿಸ್ಕಿಗೆ ಒತ್ತಿದೊಡನೆ ಇಡೀ ಕ್ಯಾಲಿಪರ್ ಸ್ಲೈಡ್ ಪಿನ್ ಎಂಬ ಎರಡು ಕಡ್ಡಿಗಳ ಮೇಲೆ ಸರಿದು ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಪಿನ್‌ಗಳ ಗ್ರೀಸ್ ಒಣಗಿ ತುಕ್ಕು ಹಿಡಿದರೆ ಈ ಸರಿದಾಟ ನಿಂತು, ಒಳಗಿನ ಪ್ಯಾಡ್ ಒಂದೇ ಭಾರ ಹೊರುತ್ತದೆ. ಇದನ್ನು ಗಮನಿಸದೆ ಹೊಸ ಪ್ಯಾಡ್ ಕೂರಿಸಿದರೆ ಅದಕ್ಕೂ ಅದೇ ಗತಿ.

ಪ್ಯಾಡ್ ತೀರಿತೆಂದು ಸಾರುವ ಕೀರಲು ಸದ್ದಿನ ಹಿಂದೆ ಸೊಗಸಾದ ಇತಿಹಾಸವಿದೆ. 1902ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಾಗ ಅದನ್ನು ಕಾಡಿದ್ದು, ಲೋಹಕ್ಕೆ ತಾಮ್ರ ಉಜ್ಜಿ ಏಳುತ್ತಿದ್ದ ಅಸಹನೀಯ ಕಿರುಚಾಟ. ಸಂಶೋಧಕ ಹರ್ಬರ್ಟ್ ಫ್ರೂಡ್ ಅವರ ಕಲ್ನಾರಿನ ಪದರ ಆ ಸದ್ದನ್ನು ಅಡಗಿಸಿತು. 1953ರ ಲ ಮಾನ್ ಕಾರು ಓಟದಲ್ಲಿ ಜಾಗ್ವಾರ್ ಡಿಸ್ಕ್ ಬ್ರೇಕಿನೊಂದಿಗೆ ಗೆದ್ದ ಮೇಲೆ ಅದು ಜನಸಾಮಾನ್ಯರ ಕಾರುಗಳಿಗೂ ಇಳಿಯಿತು. ಹಾಗೆ ಕಷ್ಟಪಟ್ಟು ಅಡಗಿಸಿದ ಕಿರುಚಾಟವನ್ನು ಎಂಜಿನಿಯರುಗಳು ಮುಂದೆ ಬೇಕೆಂದೇ ಮರಳಿ ತಂದರು: ಅನೇಕ ಪ್ಯಾಡ್‌ಗಳ ಅಂಚಿನಲ್ಲಿ ಬಾಗಿದ ಸಣ್ಣ ಉಕ್ಕಿನ ಪಟ್ಟಿಯೊಂದಿದ್ದು, ಪದರ ಸುಮಾರು 2ರಿಂದ 3 ಮಿಲಿಮೀಟರಿಗೆ ಇಳಿದಾಗ ಅದರ ತುದಿ ಡಿಸ್ಕಿಗೆ ತಾಗಿ ಕೀರಲಾರಂಭಿಸುತ್ತದೆ. ವೈರಿಲ್ಲದೆ, ದೀಪವಿಲ್ಲದೆ, ಬ್ಯಾಟರಿಯ ಹಂಗಿಲ್ಲದೆ ಎಚ್ಚರಿಸುವ ಈ ಪಟ್ಟಿಯಷ್ಟು ಸರಳವೂ ನಂಬಲರ್ಹವೂ ಆದ ಸಾಧನ ಇಡೀ ಕಾರಿನಲ್ಲಿ ವಿರಳ. ಆದರೆ ಅದು ಸಾಮಾನ್ಯವಾಗಿ ಒಂದು ಬದಿಯ ಪ್ಯಾಡ್‌ನಲ್ಲಷ್ಟೇ ಇರುವುದರಿಂದ, ಸವೆತ ಅಸಮವಾಗಿದ್ದಲ್ಲಿ ಸದ್ದನ್ನೇ ಕಾದು ಕೂರುವುದು ತಕ್ಕದ್ದಲ್ಲ.

ಪ್ಯಾಡ್ ಬದಲಿಸುವ ಕೆಲಸದ ಕ್ರಮ ದೀರ್ಘವಲ್ಲ. ಸಮತಟ್ಟಾದ ನೆಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲಿನ ಅಡ್ಡ ಕೊಟ್ಟು, ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ, ಜಾಕಿನಿಂದ ಎತ್ತಿದ ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಜಾಕ್ ಒಂದನ್ನೇ ನಂಬುವುದು ಪ್ರಾಣಾಪಾಯ. ಚಕ್ರ ಕಳಚಿ, ಕೆಳಗಿನ ಬೋಲ್ಟ್ ಬಿಚ್ಚಿ ಕ್ಯಾಲಿಪರನ್ನು ಮೇಲಕ್ಕೆ ಮಡಚಿದರೆ ಪ್ಯಾಡ್‌ಗಳು ಕೈಗೆ ಬರುತ್ತವೆ. ಕ್ಯಾಲಿಪರನ್ನು ಪೂರ್ತಿ ಕಳಚಿದಲ್ಲಿ ಬ್ರೇಕ್ ಹೋಸಿನಲ್ಲಿ ತೂಗಬಿಡದೆ ತಂತಿಯಿಂದ ಕಟ್ಟಬೇಕು. ಕಪ್ಪು ಧೂಳನ್ನು ಊದುವುದು ಶ್ವಾಸಕೋಶಕ್ಕೆ ಹಾನಿ, ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಡಿಸ್ಕಿನ ದಪ್ಪ ಅದರ ಮೇಲೆ ಅಚ್ಚಾಗಿರುವ ಕನಿಷ್ಠ ಅಳತೆಗಿಂತ ಇಳಿದಿದ್ದರೆ ಡಿಸ್ಕನ್ನೂ ಬದಲಿಸಬೇಕು. ಸ್ಲೈಡ್ ಪಿನ್‌ಗಳನ್ನು ಹೊರಗೆಳೆದು ಒರೆಸಿ, ಬ್ರೇಕಿಗೆಂದೇ ಬರುವ ಗ್ರೀಸ್ ಸವರಿ, ಬೆರಳಿನಿಂದ ಸಲೀಸಾಗಿ ಸರಿಯುತ್ತವೆಯೇ ಎಂದು ಪರೀಕ್ಷಿಸುವುದೇ ಈ ಕೆಲಸದ ತಿರುಳು. ಅವಸರದ ಕೆಲಸದಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ.

ಹೊಸ ಪ್ಯಾಡ್ ದಪ್ಪವಾಗಿರುವುದರಿಂದ ಪಿಸ್ಟನ್ನನ್ನು ಸಿ-ಕ್ಲ್ಯಾಂಪಿನಿಂದ ನಿಧಾನವಾಗಿ ಒಳಗೆ ತಳ್ಳಬೇಕಾಗುತ್ತದೆ. ಆಗ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮೇಲೇರುತ್ತದೆ. ಅದು ತುಳುಕಿದರೆ ಕಾರಿನ ಬಣ್ಣವನ್ನೇ ಕಿತ್ತುಹಾಕುತ್ತದೆ. ಎಡಬಲ ಎರಡೂ ಚಕ್ರಗಳ ಪ್ಯಾಡ್‌ಗಳನ್ನು ಒಟ್ಟಿಗೇ ಬದಲಿಸಿ, ಬೋಲ್ಟುಗಳನ್ನು ಕೈಪಿಡಿ ಹೇಳಿದಷ್ಟು ಬಿಗಿದು, ಎಂಜಿನ್ ಚಾಲೂ ಮಾಡಿ ಹೊರಡುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ತುಳಿಯಲೇಬೇಕು. ಹಿಂದೆ ಸರಿದ ಪಿಸ್ಟನ್ ಪ್ಯಾಡನ್ನು ಮುಟ್ಟುವ ತನಕ ಬ್ರೇಕ್ ಹಿಡಿಯುವುದೇ ಇಲ್ಲ. ಮೊದಲ ಕೆಲವು ನೂರು ಕಿಲೋಮೀಟರ್ ಗಡಸು ಬ್ರೇಕ್ ತಪ್ಪಿಸಿ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಬಿಡುವುದು, ಚಾರ್ಮಾಡಿಯಂಥ ಘಾಟಿಯನ್ನು ಕಡಿಮೆ ಗೇರಿನಲ್ಲಿ ಇಳಿಯುವುದು ಈ ಶ್ರಮವನ್ನು ಕಾಯುತ್ತವೆ. ಆಯಿಲ್ ಸೋರಿಕೆಯಾಗಲಿ, ತಳ್ಳಿದರೂ ಕದಲದ ಪಿಸ್ಟನ್ನಾಗಲಿ ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ ನುರಿತ ಮೆಕ್ಯಾನಿಕ್‌ನನ್ನು ಕರೆಸುವುದು ವಿವೇಕ. ಉಳಿದಂತೆ, ಹಳೆಯ ಜೋಡಿಯ ಸವೆತವನ್ನು ಅಳೆದು ಕಿಲೋಮೀಟರ್ ಸಮೇತ ಬರೆದಿಟ್ಟುಕೊಳ್ಳುವ ಮಾಲೀಕನಿಗೆ ಮುಂದಿನ ಜೋಡಿ ಯಾವಾಗ ಬೇಕಾಗುತ್ತದೆಂದು ಬೇರೊಬ್ಬರು ಹೇಳಬೇಕಾಗಿಲ್ಲ.