ಲಕ್ವಾ ಬಡಿದ ಕೈಗೆ ಮತ್ತೆ ಕೆಲಸ

ವೈದ್ಯಶಾಸ್ತ್ರವು ಪಾರ್ಶ್ವವಾಯುವೆಂದು ಹೆಸರಿಸುವ ಬೇನೆಗೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಮನೆಮನೆಯಲ್ಲಿ ಲಕ್ವಾ ಎಂದೇ ರೂಢಿಯ ಹೆಸರು. ಮಿದುಳಿನ ರಕ್ತನಾಳವೊಂದು ಕಟ್ಟಿಕೊಂಡರೆ ಅಥವಾ ಒಡೆದರೆ ದೇಹದ ಒಂದು ಮಗ್ಗುಲು ಸೋಲುತ್ತದೆ. ಮೊದಮೊದಲು ಮನೆಮಂದಿಯೆಲ್ಲ ಹಾಸಿಗೆಯ ಸುತ್ತ ನೆರೆಯುತ್ತಾರೆ; ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೂ ಒಯ್ಯುತ್ತಾರೆ. ಆದರೆ ಆರು ತಿಂಗಳು ಕಳೆಯುತ್ತಲೇ ‘ಬರುವಷ್ಟು ಬಂತು, ಇನ್ನು ಬಾರದು’ ಎಂಬ ಮಾತು ಹುಟ್ಟುತ್ತದೆ. ಅಂದಿನಿಂದ ಸೋತ ಕೈ ಎದೆಗೆ ಮಡಿಚಿಕೊಂಡೇ ಉಳಿಯುತ್ತದೆ. ಈ ಮಾತು ಎಷ್ಟರಮಟ್ಟಿಗೆ ನಿಜ?

ಮರೆತ ಕೈಗೆ ಮರುಪಾಠ

ಕೈ ನಿಷ್ಕ್ರಿಯವಾಗಲು ಮಿದುಳಿನ ಗಾಯವೊಂದೇ ಕಾರಣವಲ್ಲ. ಒಳ್ಳೆಯ ಕೈ ಎಲ್ಲ ಕೆಲಸವನ್ನೂ ವಹಿಸಿಕೊಂಡಾಗ ಸೋತ ಕೈ ಇದ್ದ ಶಕ್ತಿಯನ್ನೂ ಮರೆಯುತ್ತದೆಂದು ಅಮೆರಿಕದ ಎಡ್ವರ್ಡ್ ಟಾಬ್ ಕಂಡುಕೊಂಡರು. ಒಳ್ಳೆಯ ಕೈಗೆ ಚೀಲದಂಥ ಕವಚ ತೊಡಿಸಿ, ಸೋತ ಕೈಯಿಂದಲೇ ದಿನವೂ ಗಂಟೆಗಟ್ಟಲೆ ಕೆಲಸ ಮಾಡಿಸುವುದು ಅವರ ಪದ್ಧತಿ. ರೋಗ ತಗಲಿ 3ರಿಂದ 9 ತಿಂಗಳಾಗಿದ್ದ 222 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಎರಡು ವಾರಗಳ ಇಂಥ ಸಾಧನೆಯ ಫಲ ವರ್ಷದ ಅನಂತರವೂ ಉಳಿದಿತ್ತು. ಆದರೆ ಬೆರಳು, ಮಣಿಕಟ್ಟುಗಳಲ್ಲಿ ಸ್ವಲ್ಪವಾದರೂ ಚಲನೆ ಉಳಿದವರಿಗೆ ಮಾತ್ರ ಇದು ತಕ್ಕದ್ದು.

ಚಲನೆ ತೀರ ಕಡಿಮೆಯಿದ್ದವರಿಗೂ ಪ್ರಯೋಗಿಸಬಹುದಾದದ್ದು ಕನ್ನಡಿಯ ಚಿಕಿತ್ಸೆ. ಮೂಲತಃ ತಮಿಳುನಾಡಿನವರಾದ ವಿ. ಎಸ್. ರಾಮಚಂದ್ರನ್ ಅಂಗ ಕಳೆದುಕೊಂಡವರ ನೋವಿಗಾಗಿ ಇದನ್ನು ರೂಪಿಸಿದರು. ಕನ್ನಡಿಯ ಹಿಂದೆ ಸೋತ ಕೈಯಿಟ್ಟು ಮುಂದೆ ಒಳ್ಳೆಯ ಕೈ ಆಡಿಸಿದರೆ, ಸೋತದ್ದೇ ಆಡಿದಂತೆ ಕಣ್ಣಿಗೆ ತೋರುತ್ತದೆ. ಇದು ಇತರ ಸಾಧನೆಗೆ ಪೂರಕವೇ ಹೊರತು ಬದಲಿಯಲ್ಲ.

ಯಂತ್ರವೋ, ಮನುಷ್ಯನೋ?

ದುಬಾರಿ ಯಂತ್ರವಿಲ್ಲದ ಊರಿನವರು ನಿರಾಶರಾಗಬೇಕಿಲ್ಲ. ಲಕ್ವಾ ಬಡಿದು ವರ್ಷಗಳೇ ಉರುಳಿದ್ದ 127 ಮಾಜಿ ಸೈನಿಕರ ಪರೀಕ್ಷೆಯ ಫಲಿತಾಂಶ 2010ರಲ್ಲಿ ಅಮೆರಿಕದಲ್ಲಿ ಹೊರಬಂದಿತು. ಸಾಮಾನ್ಯ ಆರೈಕೆಗಿಂತ ಯಂತ್ರಸಾಧನೆ 36 ವಾರಗಳ ಹೊತ್ತಿಗೆ ತುಸು ಮೇಲೆನಿಸಿತಾದರೂ, ಅಷ್ಟೇ ತೀವ್ರವಾಗಿ ಚಿಕಿತ್ಸಕರು ಮಾಡಿಸಿದ ಸಾಧನೆಯನ್ನು ಅದು ಮೀರಲಿಲ್ಲ. 2011ರಲ್ಲಿ ಪ್ರಕಟವಾದ, 408 ರೋಗಿಗಳ ನಡಿಗೆಯ ಪರೀಕ್ಷೆಯದೂ ಇದೇ ಕಥೆ. ಸೊಂಟಕ್ಕೆ ಪಟ್ಟಿ ಬಿಗಿದು ಯಂತ್ರದ ಮೇಲೆ ನಡೆಸಿದವರೂ, ಚಿಕಿತ್ಸಕರು ಮನೆಗೆ ಬಂದು ಕಲಿಸಿದವರೂ ವರ್ಷಾಂತ್ಯಕ್ಕೆ ಸರಿಸಮನಾಗಿದ್ದರು. ಆರು ತಿಂಗಳ ಅನಂತರ ಸಾಧನೆ ತೊಡಗಿದವರೂ ಮುಂದೆ ಸಾಗಿದರು. ಗಡುವಿನ ಮಾತು ಇಲ್ಲಿಗೆ ಸುಳ್ಳಾಯಿತು.

ಹಾಗಾದರೆ ಮನೆಯವರೇ ಸಾಕೆ? ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳೊಡನೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆ ಇದಕ್ಕೆ ಎಚ್ಚರಿಕೆಯ ಉತ್ತರ ನೀಡಿತು. ರೋಗದ ಆರಂಭದ ದಿನಗಳಲ್ಲೇ ಬಂಧುಗಳಿಗೆ ತರಬೇತಿಯಿತ್ತು ಸಾಧನೆಯನ್ನು ಅವರ ಕೈಗೆ ವಹಿಸಿದರೂ ಸಾಮಾನ್ಯ ಆರೈಕೆಗಿಂತ ಹೆಚ್ಚಿನ ಫಲ ದೊರೆಯಲಿಲ್ಲ. ಬಂಧುಗಳ ಪ್ರೀತಿಗೆ ಬೆಲೆಯಿಲ್ಲವೆಂದು ಇದರರ್ಥವಲ್ಲ. ತಜ್ಞರ ಜಾಗಕ್ಕೆ ಪ್ರೀತಿಯೊಂದನ್ನೇ ನಿಲ್ಲಿಸಲಾಗದು ಎಂದರ್ಥ.

ಮನೆಯೇ ಸಾಧನೆಯ ಶಾಲೆ

ಈ ಪದ್ಧತಿಗಳನ್ನೆಲ್ಲ ಹೋಲಿಸಿದಾಗ ಉಳಿಯುವ ಸಾರವೊಂದೇ: ಬದುಕಿಗೆ ಬೇಕಾದ ಕೆಲಸವನ್ನೇ, ಶಕ್ತಿಗೆ ತುಸು ಮೀರಿದಂತೆ, ಮತ್ತೆ ಮತ್ತೆ ಮಾಡಬೇಕು. ಅದಕ್ಕೆ ಈ ಸೀಮೆಯ ಮನೆಗಳಲ್ಲಿ ಸಾಮಗ್ರಿಯ ಕೊರತೆಯಿಲ್ಲ. ಸವಣೂರಿನವರು ವೀಳ್ಯದೆಲೆ ಎಣಿಸಿ ಜೋಡಿಸಬಹುದು. ಹಿರೇಕೆರೂರಿನವರು ಮೆಕ್ಕೆಜೋಳದ ಕಾಳು ಬಿಡಿಸಬಹುದು. ಹಾನಗಲ್ಲಿನ ಅಜ್ಜಿ ಅಕ್ಕಿ ಆರಿಸಬಹುದು. ಶಿಗ್ಗಾಂವಿಯ ಅಜ್ಜ ನೀರಿನ ತಂಬಿಗೆಯನ್ನು ತುಟಿಗೆ ಎತ್ತಬಹುದು. ಎಷ್ಟು ಸಲ, ಯಾವ ಭಂಗಿಯಲ್ಲಿ ಎಂಬುದನ್ನು ಫಿಜಿಯೋಥೆರಪಿ ಬಲ್ಲವರು ನಿರ್ಧರಿಸಬೇಕು. ಆಗಾಗ ನೋಡಿ ತಿದ್ದಬೇಕು.

ಎರಡು ಎಚ್ಚರಿಕೆಗಳು ಅವಶ್ಯ. ರೋಗಿಯನ್ನು ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಬಾರದು. ಭುಜದ ಕೀಲು ಜಾರಬಹುದು. ಕೋಲು ಹಿಡಿದು ನಡೆಯುವಾಗ ಒಳ್ಳೆಯ ಕೈಯನ್ನು ಕಟ್ಟಲೇಬಾರದು.

ಕೈ ಮೊದಲಿನಂತಾಗುವುದೆಂದು ಯಾರೂ ಭರವಸೆ ಕೊಡಲಾರರು. ಆದರೆ ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುವ ಮನುಷ್ಯ ಅಷ್ಟರಮಟ್ಟಿಗೆ ಪರಾಧೀನನಲ್ಲ. ವರ್ಷವೊಂದು ಕಳೆಯಿತೆಂಬ ಕಾರಣಕ್ಕೆ ಅವನಿಂದ ಆ ಅವಕಾಶವನ್ನು ಕಸಿದುಕೊಳ್ಳುವುದು ನ್ಯಾಯವಲ್ಲ.